ಬೈರಾಸು ಒಣಗಿತೇ?

ಕಾರ್ತಿಕ ಮಾಸ ಬಂತೆಂದರೆ ನನ್ನ ಬೆಳಗು ನನಗೆ ಸಂಬಂಧವೇ ಇಲ್ಲದ ಒಂದು ವಾಕ್ಯದಿಂದ ಶುರುವಾಗುತ್ತದೆ. ‘ಮುಂದಿನ 48 ಗಂಟೆಗಳಲ್ಲಿ ಕರಾವಳಿಯ ಒಂದೆರಡು ಕಡೆ ಗುಡುಗು ಸಹಿತ ಹಗುರದಿಂದ ಸಾಧಾರಣ ಮಳೆಯಾಗುವ ಸಾಧ್ಯತೆ ಇದೆ.’ ಅದರ ಕೆಳಗೆ ಬೆಂಗಳೂರಿನ ಪಾಲಿನದೂ ಒಂದು ಸಾಲು ಇರುತ್ತದೆ. ಮೋಡ ಕವಿದ ವಾತಾವರಣ, ಬೆಳಗಿನ ಜಾವ ಅಲ್ಲಲ್ಲಿ ಮಂಜು ಎಂದೇನೋ. ಅದನ್ನು ನಾನು ಓದುವುದಿಲ್ಲ. ಅಷ್ಟಕ್ಕೆ ಕಿಟಕಿ ಸಾಕು.

ನಾನಿರುವುದು ಬನಶಂಕರಿಯಲ್ಲಿ, ಮೂರನೇ ಮಹಡಿಯ ಮನೆಯಲ್ಲಿ. ಅಡಿಕೆ ಇರುವುದು ವಿಟ್ಲದ ಹತ್ತಿರ, ಅಪ್ಪನ ಅಂಗಳದಲ್ಲಿ. ನಡುವೆ ಮುನ್ನೂರು ಚಿಲ್ಲರೆ ಕಿಲೋಮೀಟರು ಮತ್ತು ಶಿರಾಡಿ ಘಾಟಿ. ಕೊಯ್ಲಿಗೆ ಹೋಗಲಾರದ, ಹಾಳೆ ಹೆಕ್ಕಲಾರದ, ಸುಲಿಯಲು ಕೂತರೆ ಬೆರಳು ಕುಯ್ದುಕೊಳ್ಳುವ ಮಗನಿಗೆ ಮನೆಯವರು ಕೊಟ್ಟಿರುವ ಏಕೈಕ ಖಾತೆ ಹವಾಮಾನದ್ದು. ಸಂಬಳವಿಲ್ಲ, ಬೈಗುಳ ಇದೆ.

ಈ ಏರ್ಪಾಟು ವಿಚಿತ್ರವೆನಿಸಬಹುದು. ಆದರೆ ಸರ್ಕಾರವೂ ಮಾಡಿರುವುದು ಅದನ್ನೇ. ಕರಾವಳಿಯ ಮುನ್ಸೂಚನೆ ಹೊರಡುವುದು ಬೆಂಗಳೂರಿನ ಅರಮನೆ ರಸ್ತೆಯಲ್ಲಿರುವ ಹವಾಮಾನ ಕೇಂದ್ರದಿಂದ, ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಮೇಲಿನಿಂದ. ಇನ್ನು ಅಲೆ ಎಷ್ಟು ಎತ್ತರ ಏಳುತ್ತದೆ ಎಂದು ಮೀನುಗಾರರಿಗೆ ಹೇಳುವ ಸಾಗರ ಮಾಹಿತಿ ಕೇಂದ್ರ ಇರುವುದು ಹೈದರಾಬಾದಿನಲ್ಲಿ. ಅಲ್ಲಿ ಸಾಗರವೆಂದರೆ ಹುಸೇನ್ ಸಾಗರ. ಕಡಲನ್ನು ತಿಳಿಯಬೇಕಾದರೆ ಸ್ವಲ್ಪ ದೂರ ಕೂರಬೇಕು ಎಂದು ಕಾಣುತ್ತದೆ. ಹಾಗಾಗಿ ಅಪ್ಪನ ಅಂಗಳದ ಬಗ್ಗೆ ಬನಶಂಕರಿಯಿಂದ ಮಾತನಾಡಲು ನನಗೆ ಸಂಕೋಚವಿಲ್ಲ.

ಅಲ್ಲದೆ ವರ್ಷದ ಈ ಹೊತ್ತಿನಲ್ಲಿ ಮಳೆಯ ಸುದ್ದಿ ನಿಜಕ್ಕೂ ನನ್ನ ಬಳಿಗೇ ಮೊದಲು ಬರುತ್ತದೆ. ಜೂನಿನಲ್ಲಿ ಹಾಗಲ್ಲ. ಆಗ ಮೋಡಗಳು ಅರಬ್ಬಿ ಸಮುದ್ರದಿಂದ ಹೊರಟು ಮೊದಲು ಊರಿಗೆ ಇಳಿಯುತ್ತವೆ. ಜೂನ್‌ನಿಂದ ಸೆಪ್ಟೆಂಬರ್ ಮುಗಿಯುವುದರೊಳಗೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಸಿ, ಘಟ್ಟ ಹತ್ತಿ ಸುಸ್ತಾಗಿ, ಉಳಿದದ್ದನ್ನು ಬೆಂಗಳೂರಿಗೆ ತಂದು ಚಿಮುಕಿಸುತ್ತವೆ. ಆಗ ಫೋನು ಬರುವುದು ಆ ಕಡೆಯಿಂದ. ‘ಇಲ್ಲಿ ಹೊಡೆಯಿತು ಮಾರಾಯ, ಎರಡು ದಿನದಲ್ಲಿ ನಿಮಗೂ ಬಂದೀತು’ ಎನ್ನುವಾಗ ಅಪ್ಪನ ದನಿಯಲ್ಲಿ ತೋಟದ ನೀರನ್ನು ಪಕ್ಕದವರಿಗೆ ಬಿಟ್ಟುಕೊಡುವ ಗತ್ತು ಇರುತ್ತದೆ.

ಅಕ್ಟೋಬರ್ ಕಳೆಯಿತೆಂದರೆ ಗಾಳಿ ಮಗುಚಿಕೊಳ್ಳುತ್ತದೆ. ಹಿಂಗಾರಿನ ಮಳೆಗೆ ತವರು ಬಂಗಾಳ ಕೊಲ್ಲಿ. ಅಲ್ಲೊಂದು ವಾಯುಭಾರ ಕುಸಿತ ಎದ್ದರೆ ಚೆನ್ನೈಯೋ ಪುದುಚೇರಿಯೋ ತೋಯುತ್ತದೆ, ಮಾರನೆಯ ದಿನ ನಮ್ಮ ಬೆಂಗಳೂರು ಮಂಕಾಗಿ ಕೂರುತ್ತದೆ, ಬಸವನಗುಡಿಯ ಕಡಲೆಕಾಯಿ ಪರಿಷೆಯವರು ರಾಶಿಯ ಮೇಲೆ ಪ್ಲಾಸ್ಟಿಕ್ ಹೊದಿಸುತ್ತಾರೆ. ಅದಕ್ಕೆ ಇನ್ನೂ ಕಸುವು ಉಳಿದಿದ್ದರೆ ಹಾಸನ, ಸಕಲೇಶಪುರ ದಾಟಿ ಊರಿಗೆ. ಮೆಜೆಸ್ಟಿಕ್‌ನಿಂದ ಹೊರಡುವ ರಾತ್ರಿ ಬಸ್ಸಿನ ದಾರಿಯೇ. ಮಳೆ ಬಸ್ಸಿನ ದಾರಿ ಹಿಡಿಯುತ್ತದೆ ಎಂದರೆ ಹವಾಮಾನ ತಜ್ಞರು ಒಪ್ಪಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಒಪ್ಪಿದ್ದಾರೆ. ಬಸ್ಸಿನಂತೆಯೇ ಎಷ್ಟೋ ಸಲ ಅದು ದಾರಿಯಲ್ಲೇ ಕೆಟ್ಟು ನಿಲ್ಲುವುದೂ ಉಂಟು.

2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿಯ ಬಳಿ ದಡ ಸೇರಿತು. ಮರುದಿನ ಭಾನುವಾರ. ಬೆಂಗಳೂರಿನಲ್ಲಿ ಜಿಟಿಜಿಟಿ, ಸ್ವೆಟರು, ಮೆಣಸಿನಕಾಯಿ ಬಜ್ಜಿ. ನಾನು ಊರಿಗೆ ಫೋನು ಮಾಡಿ, ಹೊರಟಿದೆ, ಅಡಿಕೆ ಒಳಗೆ ಹಾಕಿ ಎಂದೆ. ‘ಇಲ್ಲಿ ಬೆನ್ನು ಸುಡುವ ಬಿಸಿಲು, ನಿನಗೆ ಯಾರು ಹೇಳಿದ್ದು’ ಎಂದರು ಅಪ್ಪ. ಡಿಸೆಂಬರ್ 3ರಂದು ದಕ್ಷಿಣ ಕನ್ನಡದಲ್ಲಿ ಮಳೆಗೆಂದು ಶಾಲೆಗಳಿಗೆ ರಜೆ ಕೊಟ್ಟರು. ಆ ವರ್ಷದಿಂದ ನನ್ನ ಇಲಾಖೆಗೆ ಸ್ವಲ್ಪ ಮರ್ಯಾದೆ ಬಂದಿದೆ.

ಚಂಡಮಾರುತಗಳಿಗೆ ಹದಿಮೂರು ದೇಶಗಳು ಸೇರಿ ಹೆಸರಿಡುವ ಸಂಗತಿ ಮಾತ್ರ ಅಪ್ಪನಿಗೆ ಇಂದಿಗೂ ರುಚಿಸಿಲ್ಲ. 2022ರ ಡಿಸೆಂಬರಿನಲ್ಲಿ ಬಂದದ್ದು ಮಾಂಡೌಸ್; ಸಂಯುಕ್ತ ಅರಬ್ ಎಮಿರೇಟ್ಸ್ ಕೊಟ್ಟ ಹೆಸರು, ಅರಬ್ಬಿಯಲ್ಲಿ ನಿಧಿಪೆಟ್ಟಿಗೆ ಎಂದರ್ಥ. ಪೆಟ್ಟಿಗೆ ತೆರೆದಾಗ ನಮ್ಮ ಬೀದಿಗೆ ಸಿಕ್ಕಿದ್ದು ಚಳಿ ಮತ್ತು ನೆಗಡಿ. ಅಪ್ಪನ ಲೆಕ್ಕದಲ್ಲಿ ಮಳೆಗೆ ಆಗಲೇ ಹೆಸರಿದೆ. ಸ್ವಾತಿ, ವಿಶಾಖ, ಅನುರಾಧ. ಒಂದೊಂದಕ್ಕೆ ಹದಿಮೂರು, ಹದಿನಾಲ್ಕು ದಿನ. ನವೆಂಬರ್ 19ರ ಸುಮಾರಿಗೆ ಅನುರಾಧ ಹೊಕ್ಕಿತೆಂದರೆ ಮಳೆಯ ಗೊಡವೆ ಮುಗಿಯಿತು ಎನ್ನುತ್ತಾರೆ ಅವರು. ಅನುರಾಧಕ್ಕೂ ಅರಬ್ಬಿ ಹೆಸರಿಗೂ ಜಗಳ ಹತ್ತಿದ ವರ್ಷ ಬೂಸ್ಟು ಹಿಡಿಯುವುದು ಅಡಿಕೆಗೆ.

ಅಡಿಕೆಯದು ನಾಜೂಕಿನ ಸಂಸಾರ. ಮೊದಲ ಕೊಯ್ಲಿನ ಹಣ್ಣಡಿಕೆಯನ್ನು ಅಂಗಳದಲ್ಲಿ ಒಂದೇ ಪದರವಾಗಿ ಹರವುತ್ತಾರೆ. ಕಿತ್ತಳೆ ಬಣ್ಣದ ಅಂಗಳ ವಾರದಲ್ಲಿ ಕಂದಾಗುತ್ತದೆ, ಆಮೇಲೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ನಡುನಡುವೆ ಯಾರಾದರೂ ಬರಿಗಾಲಲ್ಲಿ ಅದರೊಳಗೆ ಕಾಲೆಳೆಯುತ್ತಾ ನಡೆದು, ಕೆಳಗಿನದನ್ನು ಮೇಲೆ ಮಾಡಬೇಕು. ಹೀಗೆ ನಲವತ್ತು, ನಲವತ್ತೈದು ದಿನ ಒಳ್ಳೆಯ ಬಿಸಿಲು ತಿಂದ ಮೇಲೆ ಅದು ಚಾಲಿ. ಕೈಯಲ್ಲಿ ಹಿಡಿದು ಕಿವಿಯ ಬಳಿ ಅಲ್ಲಾಡಿಸಿದರೆ ಸಿಪ್ಪೆಯೊಳಗೆ ಗಟಗಟ ಎನ್ನಬೇಕು. ಅರೆ ಒಣಗಿದಾಗ ನೆನೆಯಿತೋ, ಹೊರಗೆ ಏನೂ ಕಾಣುವುದಿಲ್ಲ. ತಿಂಗಳುಗಳ ಮೇಲೆ ಸುಲಿದು ಮಂಡಿಗೆ ಒಯ್ದಾಗ ವ್ಯಾಪಾರಿ ಅದನ್ನು ಎರಡು ಹೋಳು ಮಾಡಿ, ಮಾತನಾಡದೆ ಪಠೋರದ, ಎಂದರೆ ಕಡಿಮೆ ದರದ ಕಳಪೆ ಅಡಿಕೆಯ, ಗುಡ್ಡೆಗೆ ಎಸೆಯುತ್ತಾನೆ. ನವೆಂಬರಿನ ಒಂದು ಸಂಜೆಯ ಮಳೆ ಆಗ ಬಿಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ.

ಇಂಥ ಜೀವಕ್ಕೆ ಹವಾಮಾನ ಇಲಾಖೆಯ ಭಾಷೆ ಒಗ್ಗುವುದಿಲ್ಲ. ಅವರ ಪ್ರಕಾರ ದಿನಕ್ಕೆ 15.5 ಮಿಲಿಮೀಟರಿನವರೆಗೆ ಮಳೆ ಹಗುರ, 64.4ರವರೆಗೆ ಸಾಧಾರಣ, ಭಾರಿ ಎನ್ನಿಸಿಕೊಳ್ಳಲು ಕನಿಷ್ಠ 64.5 ಬೇಕು. ಆ ದಶಾಂಶದ ಕಟ್ಟುನಿಟ್ಟಿಗೆ ನನ್ನ ಗೌರವವಿದೆ. ಆದರೆ ಅಂಗಳದಲ್ಲಿ ಎರಡು ಮಿಲಿಮೀಟರು ಬಿದ್ದರೂ ಅದು ನಮಗೆ ಭಾರಿಯೇ. ಜುಲೈಯಲ್ಲಿ ಇನ್ನೂರು ಮಿಲಿಮೀಟರು ಹೊಯ್ದಾಗ ಕೋಲು ಕೊಡೆ ಬಿಡಿಸಿಕೊಂಡು ಅಂಗಡಿಗೆ ಹೋಗಿಬರುವ ಜನ, ನವೆಂಬರಿನಲ್ಲಿ ನಾಲ್ಕು ಹನಿಗೆ ಹೊಯ್ದಾಡುತ್ತಾರೆ.

ಎಲ್ಲಕ್ಕಿಂತ ನನ್ನನ್ನು ಕಾಡುವ ಪದ ‘ಒಂದೆರಡು ಕಡೆ’. ಇದಕ್ಕೂ ಅಳತೆಯಿದೆ. ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ ಇಪ್ಪತ್ತೈದರೊಳಗೆ ಮಳೆಯಾದರೆ ಒಂದೆರಡು ಕಡೆ, ಅದಕ್ಕೆ ಮಿಕ್ಕಿದರೆ ಕೆಲವು ಕಡೆ, ಅರ್ಧ ದಾಟಿದರೆ ಹಲವು ಕಡೆ. ಹೇಳಿದವರ ಮಾತು ಸುಳ್ಳಾಗುವುದಿಲ್ಲ. ಕಾರವಾರದಿಂದ ತಲಪಾಡಿಯವರೆಗಿನ ಮೂರು ಜಿಲ್ಲೆಗಳಲ್ಲಿ ಆ ಒಂದೆರಡು ಕಡೆ ಯಾವ ಕಡೆ ಎಂಬುದು ಮಾತ್ರ ನಮ್ಮ ತಲೆಬಿಸಿ. ನಮ್ಮ ಅಂಗಳ ಒಂದು, ಅದೇ ರಾತ್ರಿ ಪಕ್ಕದೂರಿನ ಗದ್ದೆಯಲ್ಲಿ ನಡೆಯುವ ಬಯಲಾಟ ಎರಡು ಎಂದೇ ನಾನು ಪ್ರತಿಸಲ ಓದಿಕೊಳ್ಳುತ್ತೇನೆ. ಯಕ್ಷಗಾನದ ಮೇಳಗಳು ತಿರುಗಾಟಕ್ಕೆ ಹೊರಡುವುದೂ ಈ ದಿನಗಳಲ್ಲೇ ಆದ್ದರಿಂದ, ಮಹಿಷಾಸುರನ ಪ್ರವೇಶಕ್ಕೆ ಸರಿಯಾಗಿ ನಿಜವಾದ ಗುಡುಗು ಸೇರಿಕೊಂಡು ಪ್ರೇಕ್ಷಕರು ತಲೆಯ ಮೇಲೆ ಚಾಪೆ ಹೊತ್ತು ಓಡುವುದು ನಮಗೆ ಹೊಸತಲ್ಲ.

ಮಳೆ ಇಲ್ಲದಿದ್ದರೆ ಸುಖವೇ ಎಂದರೆ, ಅಮ್ಮನನ್ನು ಕೇಳಬೇಕು. ಬೆಂಗಳೂರಿನವರು ಕಿವಿಗೆ ಮಫ್ಲರು ಸುತ್ತಿಕೊಂಡು ಹಾಲಿಗೆ ಹೊರಡುವ ದಿನಗಳಲ್ಲಿ ಕರಾವಳಿಯಲ್ಲಿ ಮಧ್ಯಾಹ್ನದ ಉಷ್ಣಾಂಶ 35 ಡಿಗ್ರಿ ಮುಟ್ಟುವುದಿದೆ. ಮೂಡಣ ಗಾಳಿ ಘಟ್ಟ ಇಳಿಯುತ್ತಾ ಕಾದುಬಿಡುತ್ತದೆ, ಅದು ತಡೆಯುವುದರಿಂದ ಕಡಲ ಗಾಳಿ ಒಳಗೆ ಬರುವುದು ತಡವಾಗುತ್ತದೆ. ಇದನ್ನೆಲ್ಲ ನಾನು ಫೋನಿನಲ್ಲಿ ವಿವರಿಸಿದರೆ, ‘ಕಾರಣ ಗೊತ್ತಾದರೆ ಸೆಕೆ ಕಡಿಮೆಯಾಗುತ್ತದೆಯೇ’ ಎನ್ನುತ್ತಾರೆ ಅಮ್ಮ.

ಅಪ್ಪನೂ ವಿವರಣೆಗೆ ಕಿವಿ ಕೊಡುವವರಲ್ಲ. ಹಳದಿ ಅಲರ್ಟ್, ಕಿತ್ತಳೆ ಅಲರ್ಟ್ ಎಂದರೆ ‘ಅಡಿಕೆಗೂ ಅದೇ ಎರಡು ಬಣ್ಣ, ಬೇರೆ ಹೇಳು’ ಎನ್ನುತ್ತಾರೆ. ಅವರಿಗೆ ಬೇಕಾದ್ದು ಒಂದೇ ಮಾಹಿತಿ. ದಿನಾ ಸಂಜೆ ಏಳಕ್ಕೆ ಫೋನಿನಲ್ಲಿ ಅದನ್ನು ಕೇಳುತ್ತಾರೆ.

‘ಬೈರಾಸು ಒಣಗಿತೇ?’

ಬೈರಾಸೆಂದರೆ ನಮ್ಮ ಕಡೆಯ ಮೈ ಒರೆಸುವ ಬಟ್ಟೆ. ಊರಿನಿಂದ ಬರುವಾಗ ಅಮ್ಮ ಕಟ್ಟಿಕೊಟ್ಟದ್ದು ಅದು, ಕೆಂಪು ಅಂಚಿನದು, ದಪ್ಪ. ನಮ್ಮ ಬಾಲ್ಕನಿಯ ತಂತಿಯ ಮೇಲೆ ಪೂರ್ವಕ್ಕೆ ಮುಖಮಾಡಿ ನೇತಾಡುತ್ತದೆ. ಬೆಳಗ್ಗೆ ಹಾಕಿದ್ದು ಸಂಜೆಗೆ ಒಣಗಿದರೆ ಅಪ್ಪನ ಅಡಿಕೆಗೆ ಭಯವಿಲ್ಲ. ಅಂಚು ತಣ್ಣಗಿದ್ದರೆ ಟಾರ್ಪಾಲು ಜಗಲಿಗೆ ಬರುತ್ತದೆ. ಎರಡನೆಯ ದಿನವೂ ಹಿಂಡುವಂತಿದ್ದರೆ ಟಾರ್ಪಾಲು ಅಂಗಳಕ್ಕೆ ಇಳಿಯುತ್ತದೆ. ಉಪಗ್ರಹ ಚಿತ್ರಗಳೂ ಗ್ರಾಮ ಪಂಚಾಯಿತಿಗೊಂದರಂತೆ ಕೂರಿಸಿದ ಮಳೆಮಾಪಕಗಳೂ ಇರುವ ಕಾಲದಲ್ಲಿ ಒಂದು ಬಟ್ಟೆಯ ತುಂಡನ್ನು ನಂಬುವುದೇ ಎಂದು ಒಮ್ಮೆ ಕೇಳಿದ್ದೆ. ‘ಅವು ಬಂದ ಮಳೆಯನ್ನು ಹೇಳುತ್ತವೆ’ ಎಂದರು.

ನಿನ್ನೆ ಸಂಜೆಯೂ ಫೋನು ಬಂತು. ನಾನು ಬಾಲ್ಕನಿಗೆ ಹೋಗಿ ಮುಟ್ಟಿದೆ. ಒದ್ದೆ. ಬರೀ ಅಂಚಲ್ಲ, ಇಡೀ ಬೈರಾಸು ತೊಟ್ಟಿಕ್ಕುತ್ತಿತ್ತು. ಹೇಳಿದೆ. ಆ ಕಡೆ ಅಪ್ಪ ಏನೂ ಮಾತನಾಡಲಿಲ್ಲ. ಫೋನನ್ನು ಜಗಲಿಯ ಮೇಲೆ ಇಟ್ಟರೆಂದು ಕಾಣುತ್ತದೆ, ಟಾರ್ಪಾಲು ಎಳೆಯುವ ಪರಪರ ಸದ್ದು, ‘ಆ ಮೂಲೆ ಹಿಡಿ’ ಎಂದು ಅಮ್ಮನಿಗೆ ಹೇಳಿದ್ದು, ಅಂಚಿಗೆ ಕಲ್ಲು ಇಟ್ಟ ಟಕ್ ಟಕ್ ಎಲ್ಲ ಕೇಳಿಸಿತು. ಹತ್ತು ಕಲ್ಲು ಎಣಿಸಿದೆ.

ಊಟಕ್ಕೆ ಕೂತಾಗ ಮಗನ ಮುಖದಲ್ಲಿ ಏನೋ ಸಂತೋಷ. ಸೈಕಲ್ಲು ತೊಳೆದೆ ಅಪ್ಪ, ಪಳಪಳ ಹೊಳೆಯುತ್ತಿದೆ ಎಂದ. ಯಾವುದರಲ್ಲಿ ಒರೆಸಿದೆ ಎಂದು ಕೇಳಿದೆ. ಬಾಲ್ಕನಿಯ ಕಡೆ ಕೈ ತೋರಿಸಿದ. ಒರೆಸಿದ ಮೇಲೆ ಚೆನ್ನಾಗಿ ಒಗೆದೂ ಹಾಕಿದ್ದನಂತೆ.

ಹೊರಗೆ ಹೋಗಿ ನೋಡಿದೆ. ಒಂದು ಮೋಡವಿರಲಿಲ್ಲ. ಫೋನು ಕೈಗೆತ್ತಿಕೊಂಡೆ. ಗಂಟೆ ಒಂಬತ್ತೂವರೆ, ಅಪ್ಪ ಮಲಗಿರುತ್ತಾರೆ.