ಕ್ಯಾಬಿನೆಟ್ಟಿನ ಮುಂಭಾಗದ ಹೆಡ್‌ಫೋನ್ ಜ್ಯಾಕ್ ಸೌಂಡ್ ಕಾರ್ಡಿಗೇ ಸೇರಬೇಕು

ಬೆಂಗಳೂರಿನಲ್ಲಿ ಕಂಪ್ಯೂಟರ್ ಅಸೆಂಬಲ್ ಮಾಡಿಸುವುದೆಂದರೆ ಎಸ್‌.ಪಿ. ರಸ್ತೆ. ಬಿಡಿಭಾಗ ಆರಿಸಿಕೊಟ್ಟರೆ ಸಾಕು, ಅಂಗಡಿಯವರೇ ಜೋಡಿಸಿ, ಆನ್ ಮಾಡಿ ತೋರಿಸಿ ಕೊಡುತ್ತಾರೆ. ನಾನಿರುವ ಜರ್ಮನಿಯಲ್ಲಿ ಕೂಲಿ ದುಬಾರಿ, ಹಾಗಾಗಿ ಬಹಳಷ್ಟು ಜನ ಮ್ಯಾನ್ಯುಯಲ್ ಬಿಡಿಸಿಟ್ಟುಕೊಂಡು ತಾವೇ ಜೋಡಿಸಿಕೊಳ್ಳುತ್ತಾರೆ. ಕೈಚಳಕದಲ್ಲೂ ವೇಗದಲ್ಲೂ ಎಸ್‌.ಪಿ. ರಸ್ತೆಯ ಹುಡುಗರೇ ಮುಂದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಪ್ರತ್ಯೇಕ ಸೌಂಡ್ ಕಾರ್ಡ್ ಕೊಂಡವರಿಗೆ ಈ ಪದ್ಧತಿಯಲ್ಲಿ ಒಂದು ನಷ್ಟವಿದೆ. ಕಾರ್ಡ್ ಸ್ಲಾಟಿನಲ್ಲಿ ಕೂರುತ್ತದೆ, ಕ್ಯಾಬಿನೆಟ್ಟಿನ ಮುಂದಿನ ಜ್ಯಾಕ್‌ಗಳ ವೈರು ಮಾತ್ರ ಮದರ್‌ಬೋರ್ಡಿನಲ್ಲೇ ಉಳಿದುಬಿಡುತ್ತದೆ. ಗಿರಾಕಿ ಮುಂದೆ ಹೆಡ್‌ಫೋನ್ ಸಿಕ್ಕಿಸುತ್ತಾನೆ, ಶಬ್ದ ಬರುವುದಿಲ್ಲ. ವಿಂಡೋಸ್ ಸೆಟ್ಟಿಂಗ್ಸಿನಲ್ಲಿ ರಿಯಲ್‌ಟೆಕ್, ಅಂದರೆ ಮದರ್‌ಬೋರ್ಡಿನದೇ ಸೌಂಡ್ ಚಿಪ್, ಆರಿಸಿದರೆ ಬರುತ್ತದೆ. ಅಲ್ಲಿಗೆ ಸಾವಿರಾರು ರೂಪಾಯಿಯ ಕಾರ್ಡ್ ಸುಮ್ಮನೆ ಕೂತಂತಾಯಿತು.

ಇದನ್ನು ಸರಿಪಡಿಸಲು ಒಂದೇ ಒಂದು ಪ್ಲಗ್ಗಿನ ಜಾಗ ಬದಲಿಸಬೇಕು. ಮದರ್‌ಬೋರ್ಡಿನ ಕೆಳ ಅಂಚಿನಲ್ಲಿ, ಹಿಂಬದಿಗೆ ಹತ್ತಿರ, ಎರಡು ಸಾಲಿನ ಹತ್ತು ಸ್ಥಾನದ ಹೆಡರ್, ಅಂದರೆ ಪಿನ್‌ಗಳ ಗುಂಪು, ಇರುತ್ತದೆ; ಮುಂದಿನ ಜ್ಯಾಕ್‌ಗಳ ವೈರು ಸಿಕ್ಕಿಸಿರುವುದು ಅಲ್ಲೇ. ಏಸುಸ್ ಅದನ್ನು ಎಎಎಫ್‌ಪಿ ಎನ್ನುತ್ತದೆ, ಗಿಗಾಬೈಟ್ ಎಫ್-ಆಡಿಯೊ ಎಂದು, ಎಂಎಸ್‌ಐ ಜೆಎಯುಡಿ1 ಎಂದು ಬರೆಯುತ್ತದೆ. ಹೆಸರು ಏನೇ ಇರಲಿ, ಪಿನ್ ಜೋಡಣೆ ಒಂದೇ. ಏಸುಸ್ ಝೋನಾರ್ ಎಸೆನ್ಸ್ ಎಸ್‌ಟಿಎಕ್ಸ್, ಕ್ರಿಯೇಟಿವ್‌ನ ಸೌಂಡ್ ಬ್ಲಾಸ್ಟರ್ ಝಡ್ ಥರದ ಕಾರ್ಡುಗಳ ಮೇಲೂ ಇಂಥದೇ ಹೆಡರ್ ಇದೆ. ಆದರೆ ಎಲ್ಲ ಕಾರ್ಡಿನಲ್ಲೂ ಇರುವುದಿಲ್ಲ, ಕೊಳ್ಳುವ ಮುಂಚೆಯೇ ಫೋಟೋದಲ್ಲಿ ನೋಡಿಕೊಳ್ಳಿ.

ಕರೆಂಟ್ ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಚಾರ್ಜ್ ಹೋಗಲು ಬಿಡಿ. ಆಮೇಲೆ ಹಳೆಯ ಜಾಗದಿಂದ ಪ್ಲಗ್ಗನ್ನು ಕೀಳಿ, ವೈರು ಹಿಡಿದಲ್ಲ, ಪ್ಲಗ್ಗನ್ನೇ ಹಿಡಿದು. ಅದನ್ನು ಸೌಂಡ್ ಕಾರ್ಡಿನ ಹೆಡರಿಗೆ ಕೂರಿಸಿ. ಆಡಿಯೊ ಹೆಡರ್‌ನಲ್ಲಿ 8ನೇ ಪಿನ್ ಇರುವುದಿಲ್ಲ, ಪ್ಲಗ್ಗಿನ ಅದೇ ತೂತು ಮುಚ್ಚಿರುತ್ತದೆ. ಮದರ್‌ಬೋರ್ಡಿನ ಯುಎಸ್‌ಬಿ 2.0 ಹೆಡರ್ ನೋಡಲು ಹಾಗೆಯೇ ಇದ್ದರೂ ಅಲ್ಲಿ ಇಲ್ಲದಿರುವುದು 9ನೇ ಪಿನ್. ಬಲವಂತ ಮಾಡಿ ಅದಕ್ಕೆ ಕೂರಿಸಿದರೆ ಪಿನ್ ಬಾಗುತ್ತದೆ, ಜೊತೆಗೆ ಅಲ್ಲಿನ 5 ವೋಲ್ಟ್ ಮೈಕ್ ವೈರಿಗೆ ಹರಿಯುತ್ತದೆ. ಸೌಂಡ್ ಕಾರ್ಡ್ ಗ್ರಾಫಿಕ್ಸ್ ಕಾರ್ಡಿನ ಕೆಳಗೆ ಕೂತಿದ್ದು ವೈರು ಎಟುಕದಿದ್ದರೆ 30 ಸೆಂಟಿಮೀಟರಿನ ಹತ್ತು ಪಿನ್ ಎಕ್ಸ್‌ಟೆನ್ಷನ್ ಸಾಕು. ಎಳೆದು ಬಿಗಿ ಮಾಡಬೇಡಿ, ಗ್ರಾಫಿಕ್ಸ್ ಕಾರ್ಡಿನ ಪವರ್ ವೈರಿಗೆ ಅಂಟಿಸಿಕೊಂಡೂ ಒಯ್ಯಬೇಡಿ.

ತೊಂದರೆ ಹುಟ್ಟುವುದು ಹಳೆಯ ಕ್ಯಾಬಿನೆಟ್‌ಗಳಲ್ಲಿ. 1997ರ ಎಸಿ'97 ಪದ್ಧತಿಗೂ 2004ರಲ್ಲಿ ಇಂಟೆಲ್ ತಂದ ಎಚ್‌ಡಿ ಆಡಿಯೊ ಪದ್ಧತಿಗೂ ಪ್ಲಗ್ಗಿನ ಆಕಾರ ಒಂದೇ, ಒಳಗಿನ ಕೆಲಸ ಬೇರೆ. ಎರಡರಲ್ಲೂ 5ನೇ ಪಿನ್ ಬಲಗಿವಿ, 9 ಎಡಗಿವಿ, 1 ಮೈಕ್, 2 ಗ್ರೌಂಡ್. ವ್ಯತ್ಯಾಸವಿರುವುದು 6 ಮತ್ತು 10ರಲ್ಲಿ. ಎಸಿ'97ರಲ್ಲಿ ಅವು ಹಿಂದಿನ ಸ್ಪೀಕರಿಗೆ ಶಬ್ದವನ್ನು ಮರಳಿ ಒಯ್ಯುವ ವೈರುಗಳು. ಎಚ್‌ಡಿಯಲ್ಲಿ ಅವೇ ಪಿನ್‌ಗಳು, 7ರ ಜೊತೆ ಸೇರಿ, ಜ್ಯಾಕಿನಲ್ಲಿ ಏನಾದರೂ ಸಿಕ್ಕಿಸಿದ್ದಾರೆಯೇ ಎಂದು ಕಾರ್ಡಿಗೆ ತಿಳಿಸುತ್ತವೆ. ಹಳೆಯ ವೈರನ್ನು ಹೊಸ ಹೆಡರಿಗೆ ಪೂರ್ತಿ ಕೂರಿಸಿದರೆ ಕಾರ್ಡಿಗೆ ಸುಳ್ಳು ಸುದ್ದಿ ಹೋಗುತ್ತದೆ: ಹೆಡ್‌ಫೋನ್ ಇಲ್ಲದಾಗಲೂ ಇದೆ ಅನ್ನುತ್ತದೆ, ಇದ್ದಾಗ ಇಲ್ಲ ಅನ್ನುತ್ತದೆ.

ಯಾವುದೆಂದು ಲೇಬಲ್ ಇಲ್ಲದಿದ್ದರೆ ಮಲ್ಟಿಮೀಟರ್ ಹೇಳುತ್ತದೆ. ಬೀಪ್ ಮೋಡ್‌ನಲ್ಲಿಟ್ಟು, ಜ್ಯಾಕ್ ಖಾಲಿ ಇರುವಾಗ ಪ್ಲಗ್ಗಿನ 5 ಮತ್ತು 6ನೇ ತೂತಿಗೆ ಮೊನೆ ಮುಟ್ಟಿಸಿ. ಬೀಪ್ ಬಂತೆ? ಹೆಡ್‌ಫೋನ್ ಪ್ಲಗ್ ತೂರಿಸಿದ ಕೂಡಲೇ ನಿಂತಿತೆ? ಹಾಗಾದರೆ ಅದು ಎಸಿ'97. ಅದರ ಬದಲು 7 ಮತ್ತು 10ರ ನಡುವಿನ ಸಂಪರ್ಕ ಹೆಡ್‌ಫೋನ್ ಹಾಕಿ ತೆಗೆದಂತೆ ಬದಲಾದರೆ ಎಚ್‌ಡಿ. ಎಸಿ'97 ಆಗಿದ್ದರೂ ಕೆಲಸ ಕೆಡುವುದಿಲ್ಲ. ಬಿಡಿ ಬಿಡಿ ಪ್ಲಗ್‌ಗಳಿದ್ದರೆ ಮೈಕ್ 1ಕ್ಕೆ, ಗ್ರೌಂಡ್ 2ಕ್ಕೆ, ಬಲ 5ಕ್ಕೆ, ಎಡ 9ಕ್ಕೆ ಹಾಕಿ. ರಿಟರ್ನ್ ಎಂದಿರುವ ಎರಡು ವೈರುಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ ಪಕ್ಕಕ್ಕೆ ಮಡಚಿಡಿ. ಕಾರ್ಡು ತಾನಾಗಿ ಗುರುತಿಸುವುದಿಲ್ಲ ಅಷ್ಟೇ, ಸಾಫ್ಟ್‌ವೇರಿನಲ್ಲಿ ಕೈಯಾರೆ ಆರಿಸಬೇಕು. ಝೋನಾರ್ ಕಾರ್ಡುಗಳಲ್ಲಂತೂ ಎಚ್‌ಡಿ ವೈರು ಹಾಕಿದರೂ ಅದರ ಸಾಫ್ಟ್‌ವೇರಿನಲ್ಲಿ ಎಫ್‌ಪಿ (ಫ್ರಂಟ್ ಪ್ಯಾನೆಲ್) ಹೆಡ್‌ಫೋನ್ ಎಂದು ಆರಿಸುವವರೆಗೆ ಮುಂದೆ ಶಬ್ದವಿಲ್ಲ. ಲಿನಕ್ಸ್‌ನವರಿಗೆ ಅಲ್ಸಾಮಿಕ್ಸರ್ ಎಂಬ ಧ್ವನಿ ಹೊಂದಿಸುವ ಪ್ರೋಗ್ರಾಮಿನಲ್ಲಿ ಅದೇ ಆಯ್ಕೆ ಸಿಗುತ್ತದೆ. ಕಾರ್ಡು ಕೆಟ್ಟಿದೆ ಎಂದು ಅಂಗಡಿಗೆ ಹಿಂತಿರುಗಿಸುವ ಮುಂಚೆ ಇದನ್ನು ನೋಡಿ.

ಇನ್ನು ಗೊರ್ ಎನ್ನುವ ಸದ್ದು. ಜರ್ಮನಿಯಲ್ಲಿ ಕೇಳದ ಈ ತಕರಾರು ಬೆಂಗಳೂರಿನ ಹಳೆಯ ಬಾಡಿಗೆ ಮನೆಗಳಲ್ಲಿ ಕೇಳುವುದಕ್ಕೆ ಕಾರಣ ಬಹುಮಟ್ಟಿಗೆ ಅರ್ತಿಂಗ್. ಗೋಡೆಯಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೇಲಿನ ದೊಡ್ಡ ತೂತಿಗೆ ಹಿಂದೆ ವೈರೇ ಇರುವುದಿಲ್ಲ. ಇಲ್ಲವೇ ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬೋರ್ಡು ಅದನ್ನು ಕತ್ತರಿಸಿಬಿಟ್ಟಿರುತ್ತದೆ. ಆಗ ಪವರ್ ಸಪ್ಲೈ ಒಳಗಿನ ಫಿಲ್ಟರ್ ಕೆಪ್ಯಾಸಿಟರ್‌ಗಳು ಕ್ಯಾಬಿನೆಟ್ಟನ್ನು 230 ವೋಲ್ಟಿನ ಸುಮಾರು ಅರ್ಧಕ್ಕೆ ತೇಲಿಸುತ್ತವೆ. ಕರೆಂಟು ತೀರಾ ಕಡಿಮೆ, ಆದರೆ ಬರಿಗಾಲಿನಲ್ಲಿ ನಿಂತು ಕ್ಯಾಬಿನೆಟ್ ಸವರಿದರೆ ಬೆರಳಿಗೆ ಜುಮ್ ಎನ್ನುತ್ತದೆ. ಮುಂದಿನ ಜ್ಯಾಕಿನ ಗ್ರೌಂಡು ಅದೇ ಲೋಹಕ್ಕೆ ಸೇರಿದ್ದು, ಮೈಕ್ ಆ ಗೊರಗೊರವನ್ನೂ ಎತ್ತಿಕೊಳ್ಳುತ್ತದೆ. ಇದಕ್ಕೆ ಹೊಸ ಸೌಂಡ್ ಕಾರ್ಡ್ ಪರಿಹಾರವಲ್ಲ, ಎಲೆಕ್ಟ್ರಿಷಿಯನ್ ಪರಿಹಾರ. ಜರ್ಮನಿಯಲ್ಲಿ ಬೇರೆ ಕಾಟ: ಚಳಿಗಾಲದಲ್ಲಿ ಹೀಟರ್ ಒಣಗಿಸಿದ ಕೋಣೆಯಲ್ಲಿ ಮೈಮೇಲೆ ಸ್ಟ್ಯಾಟಿಕ್ ಸೇರುತ್ತದೆ, ಕಾರ್ಡು ಮುಟ್ಟುವ ಮುಂಚೆ ರೇಡಿಯೇಟರ್ ಮುಟ್ಟಬೇಕು.

ಮೌಸ್ ಅಲ್ಲಾಡಿಸಿದಾಗ, ಗೇಮ್ ಶುರುವಾದಾಗ ಮಾತ್ರ ಕಿರಿಕಿರಿ ಸದ್ದು ಬಂದರೆ ಅದು ಅರ್ತಿಂಗ್ ಅಲ್ಲ. ಅಗ್ಗದ ಕ್ಯಾಬಿನೆಟ್‌ಗಳಲ್ಲಿ ಮುಂದಿನ ಯುಎಸ್‌ಬಿ, ಆಡಿಯೊ ಎರಡೂ ಒಂದೇ ಪುಟ್ಟ ಬೋರ್ಡಿನ ಮೇಲೆ ಒಂದೇ ಗ್ರೌಂಡ್ ಹಂಚಿಕೊಂಡಿರುತ್ತವೆ, ವೈರಿಗೆ ಶೀಲ್ಡ್, ಅಂದರೆ ಹೊರಗಿನ ಸದ್ದು ತಡೆಯುವ ಲೋಹದ ಹೊದಿಕೆ, ಇರುವುದಿಲ್ಲ. ಅಂಥ ಕ್ಯಾಬಿನೆಟ್ಟಿನಲ್ಲಿ ಎಷ್ಟು ಒಳ್ಳೆಯ ಕಾರ್ಡಿಗೆ ಜೋಡಿಸಿದರೂ ಪ್ರಯೋಜನ ಕಡಿಮೆ. ಆಗ ಕಾರ್ಡಿನ ಹಿಂದಿನ ಜ್ಯಾಕಿನಿಂದಲೇ ಶೀಲ್ಡ್ ಇರುವ ಒಂದೂವರೆ ಮೀಟರ್ ಎಕ್ಸ್‌ಟೆನ್ಷನ್ ತಂದು ಮೇಜಿನ ಅಂಚಿಗೆ ಅಂಟಿಸಿಬಿಡುವುದೇ ವಾಸಿ. ನೋಡಲು ಚೆನ್ನಾಗಿರುವುದಿಲ್ಲ, ಶಬ್ದ ಮಾತ್ರ ಶುದ್ಧ.

ಮೊಬೈಲಿನ ನಾಲ್ಕು ತುಂಡಿನ ಪ್ಲಗ್ ಇರುವ ಹೆಡ್‌ಸೆಟ್ ಬಳಸುವವರು ಇನ್ನೊಂದು ವಿಷಯ ಗಮನಿಸಬೇಕು. ಮುಂದೆ ಹೆಡ್‌ಫೋನಿಗೊಂದು, ಮೈಕಿಗೊಂದು ಎಂದು ಎರಡು ತೂತುಗಳಿದ್ದರೆ ಹಾಡು ಕೇಳಿಸುತ್ತದೆ, ನಿಮ್ಮ ಮಾತು ಮಾತ್ರ ಆ ಕಡೆಗೆ ಹೋಗುವುದಿಲ್ಲ, ಏಕೆಂದರೆ ಮೈಕಿನ ತುಂಡು ಗ್ರೌಂಡಿಗೆ ತಾಗಿರುತ್ತದೆ. ಎಸ್‌.ಪಿ. ರಸ್ತೆಯಲ್ಲಿ ವೈ ಆಕಾರದ ಸ್ಪ್ಲಿಟರ್ ಕೇಳಿ, ಸಿಟಿಐಎ ಜೋಡಣೆಯದ್ದೇ (ಈಗಿನ ಬಹುತೇಕ ಮೊಬೈಲ್ ಹೆಡ್‌ಸೆಟ್‌ಗಳ ವೈರಿಂಗ್ ಕ್ರಮ) ಕೊಡಿ ಎನ್ನಿ. ಕ್ಯಾಬಿನೆಟ್ಟಿನ ಬಾಗಿಲು ಮುಚ್ಚುವ ಮುಂಚೆ ಅಲ್ಲೇ ಮುಂದಿನ ಜ್ಯಾಕಿಗೆ ನಿಮ್ಮದೇ ಹೆಡ್‌ಸೆಟ್ ಹಾಕಿ, ಔಟ್‌ಪುಟ್ ಪಟ್ಟಿಯಲ್ಲಿ ಸೌಂಡ್ ಕಾರ್ಡಿನ ಹೆಸರಿದೆಯೇ ನೋಡಿ, ಮಾತಾಡಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಅದು ಸರಿಬಂದ ಮೇಲೆ ಸ್ಕ್ರೂ ಹಾಕಿಸಿ.