ಮಂಡಿ ಹೋದವನ ಕಥೆಯನ್ನ ಮೋಟಿವೇಶನ್ ಮಾಡಬೇಡಿ

ಮೊನ್ನೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಚಿಕ್ಕಪ್ಪ ಒಂದು ರೀಲ್ ಹಾಕಿದ್ದರು. ಸುಮೋ ಪೈಲ್ವಾನ್ ತೆರುನೊಫುಜಿ ಬಿದ್ದ, ಎದ್ದ, ಯೊಕೊಜುನ ಆದ, ಅಂದರೆ ಸುಮೋದ ಎಲ್ಲಕ್ಕಿಂತ ಮೇಲಿನ ಪಟ್ಟ. ಹಿಂದೆ ಡೋಲು ಬಾರಿಸುವ ಸದ್ದು, ಕೊನೆಗೆ ದಪ್ಪ ಅಕ್ಷರದಲ್ಲಿ 'ನೋವಿಗೆ ಹೆದರಬೇಡ'. ಎಲ್ಲರೂ ಕೈ ಮುಗಿದರು. ನಾನು ಕೆಲವು ವರ್ಷದಿಂದ ರಾತ್ರಿ ಊಟ ಆದಮೇಲೆ ಸುಮೋ ಹೈಲೈಟ್ಸ್ ನೋಡುವವನು, ಈ ಮನುಷ್ಯನ ಕಥೆ ಸಾಕಷ್ಟು ಗೊತ್ತು. ಗ್ರೂಪಲ್ಲಿ ಜಗಳ ಬೇಡ ಅಂತ ಇಲ್ಲಿ ಬರೆಯುತ್ತಿದ್ದೇನೆ. ರೀಲ್ ಹೇಳಿದ ಪಾಠ ಪೂರ್ತಿ ಉಲ್ಟಾ.

ಮೊದಲು ಸುಮೋ ಹೊಟ್ಟೆಪಾಡು ಹೇಗೆ ಅಂತ ಹೇಳಿಬಿಡುತ್ತೇನೆ. ಅಲ್ಲಿ ಆರು ದರ್ಜೆ, ಸುಮಾರು 600 ಜನ ಪೈಲ್ವಾನರು. ಮೇಲಿನ ಎರಡು ದರ್ಜೆಯ 70 ಜನಕ್ಕೆ ಮಾತ್ರ ತಿಂಗಳ ಸಂಬಳ. 70ನೆಯವನಿಗೆ ಹತ್ತು ಲಕ್ಷ ಯೆನ್‌ಗಿಂತ ಜಾಸ್ತಿ ಬರುತ್ತದೆ, 71ನೆಯವನಿಗೆ ಸಂಬಳವೇ ಇಲ್ಲ, ಪಂದ್ಯಾವಳಿಗೊಂದು ಭತ್ಯೆ ಅಷ್ಟೇ. ವರ್ಷಕ್ಕೆ ಆರು ಪಂದ್ಯಾವಳಿ. ಮೇಲಿನವರಿಗೆ 15 ದಿನ 15 ಕುಸ್ತಿ, ಎಂಟು ಗೆದ್ದರೆ ಮೇಲೆ, ಇಲ್ಲದಿದ್ದರೆ ಕೆಳಗೆ. ಪೆಟ್ಟಾಗಿ ಆಸ್ಪತ್ರೆಯಲ್ಲಿ ಮಲಗಿದ್ದರೂ ಸೋತ ಲೆಕ್ಕವೇ. ಅಖಾಡದಲ್ಲಿ ಪೆಟ್ಟಾದವನಿಗೆ ಜಾಗ ಉಳಿಸಿಕೊಟ್ಟು ರಜೆ ಕೊಡುವ ನಿಯಮ ಒಂದು ಇತ್ತು, 1972ರಲ್ಲಿ ತಂದದ್ದು. 2003 ಮುಗಿಯುತ್ತಿದ್ದ ಹಾಗೆ ಅದನ್ನೂ ತೆಗೆದುಬಿಟ್ಟರು. ಹಿಂಬಡ್ತಿ ಇಲ್ಲದಿರುವುದು ಯೊಕೊಜುನ ಒಬ್ಬನಿಗೇ. ಅವನು ಕೆಳಗೆ ಇಳಿಯುವ ಹಾಗೇ ಇಲ್ಲ, ಆಗದಿದ್ದರೆ ಮನೆಗೆ ಹೋಗಬೇಕು.

ತೆರುನೊಫುಜಿ ಮಂಗೋಲಿಯಾದ ಉಲಾನ್‌ಬಾತರ್‌ನವನು. ಜಪಾನಿನ ತೊತ್ತೊರಿಯಲ್ಲಿ ಹೈಸ್ಕೂಲು ಓದಿ 2011ರಲ್ಲಿ ಸುಮೋಗೆ ಸೇರಿದ. ಮೊದಲು ಸೇರಿದ ಗರಡಿ ಮುಚ್ಚಿಹೋಯಿತು. 2013ರಲ್ಲಿ ಇಸೆಗಹಾಮ ಗರಡಿಗೆ ಬಂದ, ಅಲ್ಲಿನ ಗುರು ಹಿಂದಿನ ಯೊಕೊಜುನ ಅಸಾಹಿಫುಜಿ. 2015ರ ಮೇನಲ್ಲಿ ಮೊದಲ ಕಪ್ ಗೆದ್ದು ಓಜೆಕಿ ಆದ, ಅಂದರೆ ಯೊಕೊಜುನಕ್ಕಿಂತ ಒಂದೇ ಮೆಟ್ಟಿಲು ಕೆಳಗೆ. ಆಗಿನ್ನೂ 23 ವರ್ಷ. ಎದುರಾಳಿಯ ಎರಡೂ ತೋಳನ್ನು ಹೊರಗಿನಿಂದ ಅಮುಕಿ ಹಿಡಿದು, ಎತ್ತಿ ಗೆರೆಯಾಚೆ ಇಟ್ಟುಬಿಡುತ್ತಿದ್ದ. ನೋಡಲು ಮಜಾ. ಆದರೆ ಅಷ್ಟೂ ಭಾರ ಬೀಳುವುದು ಮಂಡಿ ಮೇಲೆ, ಅಲ್ವಾ? ಅದೇ ವರ್ಷ ಮಂಡಿ ಕೆಟ್ಟಿತು. ನಿಂತರೆ ಪಟ್ಟ ಹೋಗುತ್ತದೆ, ಹಾಗಾಗಿ ನಿಲ್ಲಲಿಲ್ಲ.

ಈಗ 2017ರ ಮಾರ್ಚ್, ಒಸಾಕ. ನನಗೆ ಇಡೀ ಕಥೆ ಇರುವುದೇ ಇಲ್ಲಿ. ಕಿಸೆನೊಸಾತೊ ಆಗಷ್ಟೇ ಯೊಕೊಜುನ ಆಗಿದ್ದ. ಜಪಾನಿನಲ್ಲೇ ಹುಟ್ಟಿದವನೊಬ್ಬನಿಗೆ ಆ ಪಟ್ಟ ಸಿಕ್ಕಿ 19 ವರ್ಷ ಆಗಿತ್ತು, ದೇಶಕ್ಕೆ ದೇಶವೇ ಹುಚ್ಚೆದ್ದಿತ್ತು. 13ನೇ ದಿನ ಅವನ ಎಡ ಭುಜದ ಹತ್ತಿರ ಜೋರು ಪೆಟ್ಟಾಯಿತು. 14ನೇ ದಿನ ತೆರುನೊಫುಜಿ ಬೇರೊಬ್ಬ ಎದುರಾಳಿ ನುಗ್ಗಿ ಬರುವಾಗ ಪಕ್ಕಕ್ಕೆ ಸರಿದು ಗೆದ್ದ. ನಿಯಮದ ಪ್ರಕಾರ ತಪ್ಪೇನಿಲ್ಲ, ಆದರೆ ಜನಕ್ಕೆ ಹಿಡಿಸುವುದಿಲ್ಲ. 'ಮಂಗೋಲಿಯಾಗೆ ಹೋಗು' ಅಂತ ಕೂಗಿದರು. ಕೊನೆಯ ದಿನ ಕಿಸೆನೊಸಾತೊ ಒಂದೇ ಕೈಯಲ್ಲಿ ಬಂದು ತೆರುನೊಫುಜಿಯನ್ನು ಒಮ್ಮೆ ಸೋಲಿಸಿದ, ಇಬ್ಬರ ಗೆಲುವಿನ ಲೆಕ್ಕ ಟೈ ಆಯಿತು, ಮತ್ತೆ ಕಟ್ಟಿಸಿದರೆ ಮತ್ತೆ ಸೋಲಿಸಿ ಕಪ್ ಎತ್ತಿದ. ರಾಷ್ಟ್ರಗೀತೆ ಬಂದಾಗ ಅತ್ತ. ಜನವೂ ಅತ್ತರು. ನಿಜ ಹೇಳಬೇಕಾದರೆ ಮೊದಲ ಸಲ ನೋಡಿದಾಗ ನನ್ನ ಕಣ್ಣಲ್ಲೂ ನೀರು ಬಂತು.

ಆಮೇಲೆ ಏನಾಯಿತು ಅಂತ ಯಾವ ರೀಲೂ ಹೇಳುವುದಿಲ್ಲ. ಕಿಸೆನೊಸಾತೊ ಆ ಭುಜದಿಂದ ಸುಧಾರಿಸಿಕೊಳ್ಳಲೇ ಇಲ್ಲ. ಸಾಲಾಗಿ ಎಂಟು ಪಂದ್ಯಾವಳಿ ಪೂರ್ತಿ ಆಡಲಾಗದೆ, 2019ರ ಜನವರಿಯಲ್ಲಿ ಮೂರು ದಿನ ಮೂರೂ ಸೋತು ನಿವೃತ್ತಿ ಹೇಳಿದ. ಇದು ಮೊದಲನೆಯದೂ ಅಲ್ಲ. 2001ರಲ್ಲಿ ಯೊಕೊಜುನ ತಾಕಾನೊಹಾನ ಹರಿದ ಮಂಡಿಯಲ್ಲಿ ಗೆದ್ದಾಗ ಪ್ರಧಾನಿ ಕೊಯಿಜುಮಿ ತಾವೇ ಅಖಾಡ ಹತ್ತಿ ಕಪ್ ಕೊಟ್ಟು, ನೋವು ಸಹಿಸಿ ಚೆನ್ನಾಗಿ ಆಡಿದೆ, ಮನಸ್ಸು ತುಂಬಿ ಬಂತು ಅಂದರು. ಆಮೇಲೆ ಅವನು ಏಳು ಪಂದ್ಯಾವಳಿ ಹೊರಗೆ ಕೂತ, 2003ರ ಜನವರಿಗೆ ಆಟ ಮುಗಿಯಿತು. ಚಪ್ಪಾಳೆ ಹೊಡೆದ ನಾವು ಮನೆಗೆ ಹೋಗಿ ಊಟ ಮಾಡಿದೆವು. ಮಂಡಿ ಹೋದದ್ದು ಯಾರದ್ದು?

ತೆರುನೊಫುಜಿಗೆ ಚಪ್ಪಾಳೆಯೂ ಇರಲಿಲ್ಲ. 2017ರ ಕೊನೆಗೆ ಓಜೆಕಿ ಪಟ್ಟ ಹೋಯಿತು, 2018ರಲ್ಲಿ ಸಂಬಳವೂ ಹೋಯಿತು. ಮಂಡಿ ಆಪರೇಶನ್, ಸಕ್ಕರೆ ಕಾಯಿಲೆ, ಲಿವರ್ ತೊಂದರೆ, ಎಲ್ಲಾ ಒಟ್ಟಿಗೆ. ಬಿಟ್ಟುಬಿಡುತ್ತೇನೆ ಅಂತ ಗುರುಗಳ ಹತ್ತಿರ ಒಂದಲ್ಲ ಹಲವು ಸಲ ಹೇಳಿದ. ಗುರುಗಳು ಒಪ್ಪಲಿಲ್ಲ. ಆದರೆ ಅವರು ಹೇಳಿದ್ದು 'ಹೋಗಿ ಆಡು' ಅಂತಲ್ಲ. ಮೊದಲು ಮೈ ಸರಿ ಮಾಡಿಕೋ, ಬಿಡುವ ಮಾತು ಆಮೇಲೆ. ಸಾಲಾಗಿ ನಾಲ್ಕು ಪಂದ್ಯಾವಳಿ ಅವನು ಅಖಾಡಕ್ಕೇ ಇಳಿಯಲಿಲ್ಲ. ಹೆಸರು ಜಾರುತ್ತಾ ಜಾರುತ್ತಾ ಜೊನಿದಾನ್ ದರ್ಜೆಯ 48ಕ್ಕೆ ಬಂತು, ಕೆಳಗಿನಿಂದ ಎರಡನೇ ದರ್ಜೆ. ಓಜೆಕಿ ಆಗಿದ್ದವನು ಅಷ್ಟು ಕೆಳಗೆ ಬಂದು ಆಡಿದ್ದು ಅದೇ ಮೊದಲು. ಅಷ್ಟು ಹೊತ್ತಿಗೆ ಬೇರೆಯವರೆಲ್ಲ ಆಟವನ್ನೇ ಬಿಟ್ಟು ಹೋಗಿರುತ್ತಾರೆ.

ಆ ಮೆಟ್ಟಿಲಲ್ಲಿ ಬದುಕು ಹೇಗಿರುತ್ತದೆ ಗೊತ್ತಾ. ಬಣ್ಣದ ರೇಷ್ಮೆ ಲಂಗೋಟಿ ಇಲ್ಲ, ಮಾಸಿದ ಕಪ್ಪು ಹತ್ತಿಯದ್ದು. ಉಪ್ಪು ಎರಚುವ ಶಾಸ್ತ್ರ ಇಲ್ಲ. ಚಳಿಗಾಲದಲ್ಲೂ ಯುಕಾತಾ ಅನ್ನುವ ತೆಳು ಹತ್ತಿ ನಿಲುವಂಗಿ, ಕಾಲಿಗೆ ಮರದ ಚಪ್ಪಲಿ. ಕುಸ್ತಿ ಬೆಳಗ್ಗೆಯೇ, ಸೀಟುಗಳೆಲ್ಲ ಖಾಲಿ. ಕೈಯಲ್ಲಿ ಬರೆದ ರ‍್ಯಾಂಕ್ ಪಟ್ಟಿಯಲ್ಲಿ ಓಜೆಕಿಯ ಹೆಸರು ದಪ್ಪಗೆ ಎದ್ದು ಕಾಣುತ್ತದೆ, ಇವರ ಹೆಸರು ಇರುವೆ ಸಾಲಿನ ಹಾಗೆ. ಕಾಲಿಗೆ ದಪ್ಪ ಪಟ್ಟಿ ಕಟ್ಟಿಕೊಂಡು 2019ರ ಮಾರ್ಚ್‌ನಲ್ಲಿ ಅದೇ ಒಸಾಕಕ್ಕೆ ಬಂದ. ಏಳಕ್ಕೆ ಏಳೂ ಗೆದ್ದ. ಆಮೇಲೆ ದರ್ಜೆಯ ಕಪ್ಪಿಗಾಗಿ ನಡೆದ ಪಂದ್ಯದಲ್ಲಿ ಒಬ್ಬ ಹೊಸ ಹುಡುಗನಿಗೆ ಸೋತ. ಆ ಹುಡುಗನ ಹೆಸರು ರೋಗಾ, ನಗಬೇಡಿ, ಜಪಾನಿ ಲಿಪಿಯಲ್ಲಿ ಅದರೊಳಗೆ ತೋಳ ಇದೆ.

ಮುಂದಿನದ್ದು ರೀಲಲ್ಲಿ ಸರಿಯಾಗಿಯೇ ಇದೆ, ಬೇಗ ಹೇಳುತ್ತೇನೆ. 2020ರ ಜುಲೈನಲ್ಲಿ ಮೇಲಿನ ದರ್ಜೆಗೆ ವಾಪಸ್ ಬಂದು 13-2ರಲ್ಲಿ ಕಪ್ಪನ್ನೇ ಗೆದ್ದ. 2021ರ ಮಾರ್ಚ್‌ನಲ್ಲಿ ಮತ್ತೊಂದು, ಮೇನಲ್ಲಿ ಇನ್ನೊಂದು, ಜುಲೈಯಲ್ಲಿ 73ನೇ ಯೊಕೊಜುನ. ಆಗಲೂ ಮಂಡಿ ಎಳೆದಾಗ ಸುಮ್ನೆ ಹೊರಗೆ ಕೂತ. 'ಇಷ್ಟೊಂದು ರಜೆ ಹಾಕುವ ಯೊಕೊಜುನ ಯಾಕೆ' ಅಂತ ಗೊಣಗಿದವರಿದ್ದಾರೆ. ಅದೇ ರಜೆಯ ನಡುವೆ 2024ರ ಜುಲೈಯಲ್ಲಿ ಹತ್ತನೇ ಕಪ್ ಬಂತು. 2025ರ ಜನವರಿಯಲ್ಲಿ 33ಕ್ಕೆ ನಿಲ್ಲಿಸಿದ.

ಅಂದರೆ ಅವನನ್ನು ಉಳಿಸಿದ್ದು ನೋವು ನುಂಗಿ ಆಡಿದ್ದಲ್ಲ. ಆಡದೆ ಕೂತದ್ದು. ಮತ್ತು ಆ ಕೂರುವಿಕೆಗೆ ಅವನು ಸಂಬಳ, ಪಟ್ಟ, ಹೆಸರು ಎಲ್ಲ ತೆರಬೇಕಾಯಿತು. ಹಳೆಯ ರಜೆ ನಿಯಮ ಇದ್ದಿದ್ದರೆ ಇಷ್ಟು ಬೆಲೆ ಬೀಳುತ್ತಿರಲಿಲ್ಲ ಅಂತ ನನ್ನ ಲೆಕ್ಕ. ಎಲ್ಲರಿಗೂ ಅಂಥ ಗುರು ಸಿಗುವುದಿಲ್ಲವಲ್ಲ. 2025ರ ಜೂನ್‌ನಿಂದ ಅವನೇ ಇಸೆಗಹಾಮ ಗರಡಿಯ ಯಜಮಾನ (ಅದಕ್ಕೆ ಜಪಾನಿನ ಪೌರತ್ವ ಬೇಕು, 2021ರಲ್ಲೇ ತೆಗೆದುಕೊಂಡಿದ್ದ). ಮಂಡಿ ಹಿಡಿದುಕೊಂಡು ಬಂದ ಹುಡುಗನಿಗೆ ಅವನು ಏನು ಹೇಳುತ್ತಾನೆ ಅಂತ ಕೇಳುವ ಕುತೂಹಲ ನನಗಿದೆ.

ಅಂದಹಾಗೆ ಚಿಕ್ಕಪ್ಪ, ಇದನ್ನು ಓದುತ್ತಿದ್ದರೆ, ನಿಮ್ಮ ಮಂಡಿಗೆ ಡಾಕ್ಟರ್ ಹೇಳಿದ ಆರು ವಾರದ ರೆಸ್ಟಲ್ಲಿ ಇನ್ನೂ ನಾಲ್ಕು ವಾರ ಬಾಕಿ ಇದೆ. ಬೆಳಗ್ಗೆ ಶೂ ಹಾಕಿಕೊಂಡು ವಾಕಿಂಗ್ ಹೊರಟಿದ್ದನ್ನು ಚಿಕ್ಕಮ್ಮ ಫೋನ್ ಮಾಡಿ ಹೇಳಿದರು.