ಎಳ್ಳು ಬೀರೋ ಪಾರ್ಟ್ನರ್‌ಶಿಪ್ಪು

ಬೆಳಗ್ಗೆ ಫೋನ್ ತೆಗೆದ್ರೆ ಮತ್ತೆ ಅದೇ ಪೋಸ್ಟರು. ಎಡಕ್ಕೊಂದು ಲೋಗೋ, ಬಲಕ್ಕೊಂದು ಲೋಗೋ, ನಡುವೆ ಇಂಟು ಮಾರ್ಕು, ಕೆಳಗೆ ಕೈ ಕುಲುಕೋ ಇಮೋಜಿ, ಪಕ್ಕದಲ್ಲೊಂದು ರಾಕೆಟ್ಟು. ಎರಡು ಕ್ರಿಪ್ಟೋ ಪ್ರಾಜೆಕ್ಟು ಸ್ಟ್ರಾಟೆಜಿಕ್ ಪಾರ್ಟ್ನರ್ ಆದ್ವಂತೆ. ಸೇರ್ಕೊಂಡು ಏನ್ ಮಾಡ್ತಾರೆ ಅಂತ ಐದು ಸಲ ಓದಿದೆ, ಇಕೋಸಿಸ್ಟಮ್ಮು, ಸಿನರ್ಜಿ, ಲಿಕ್ವಿಡಿಟಿ, ಆಮೇಲೆ ಮತ್ತೆ ಇಕೋಸಿಸ್ಟಮ್ಮು. ಕಾಫಿ ಆರೋಯ್ತು.

ಇದ್ರಲ್ಲಿ ನಂಗೆ ಪ್ರಾಣ ಅಂದ್ರೆ ಟೋಕನ್ ಸ್ವಾಪು, ಅಂದ್ರೆ ತಾವೇ ಹುಟ್ಟಿಸಿದ ಡಿಜಿಟಲ್ ನಾಣ್ಯದ ಅದಲು ಬದಲು. ನಾನು ಅಚ್ಚು ಹಾಕಿದ್ದು ನೀನಿಟ್ಕೋ, ನೀನು ಅಚ್ಚು ಹಾಕಿದ್ದು ನಾನಿಟ್ಕೋತೀನಿ, ಇಬ್ಬರ ಖಜಾನೆನೂ ತುಂಬ್ತು. ನಮ್ಮನೇಲಿ ಇದಕ್ಕೆ ಸಂಕ್ರಾಂತಿ ಅಂತೀವಿ. ಎಳ್ಳು ಬೀರೋಕೆ ಕೊಟ್ಟ ಪ್ಯಾಕೆಟ್ಟು ಎದುರು ಮನೆಗೋಗಿ, ಅಲ್ಲಿಂದ ಮಹಡಿ ಆಂಟಿಗೆ, ಅಲ್ಲಿಂದ ಹಿಂದಿನ ಬೀದಿಗೆ, ಸಾಯಂಕಾಲ ವಾಪಸ್ ನಮ್ಮನೆ ಡಬ್ಬಕ್ಕೇ. ಒಂದ್ವರ್ಷ ಕೊಕ್ಕು ಮುರಿದಿದ್ದ ಸಕ್ಕರೆ ಅಚ್ಚಿನ ಗಿಳಿ ಒಂದು ಪೂರ್ತಿ ಬಡಾವಣೆ ಸುತ್ತಿ ಬಂದು, ಅಮ್ಮ ಅದನ್ನ ನೋಡಿ 'ಬಂದ್ಯಾ ತಾಯಿ' ಅಂದಿದ್ರು. ಆದ್ರೆ ಅಮ್ಮ ಯಾವತ್ತೂ ಆ ಗಿಳಿ ತೋರಿಸಿ ಬ್ಯಾಂಕಲ್ಲಿ ಸಾಲ ಕೇಳ್ಲಿಲ್ಲ.

2022ರ ಏಪ್ರಿಲಲ್ಲಿ ಟೆರಾ ಅನ್ನೋ ಕ್ರಿಪ್ಟೋ ಪ್ರಾಜೆಕ್ಟಿನವರು ಅವಲಾಂಚ್ ಅನ್ನೋ ಇನ್ನೊಂದು ಪ್ರಾಜೆಕ್ಟಿನ ಜೊತೆ ಹಿಂಗೇ ಎಳ್ಳು ಬೀರಿದ್ರು. ಟೆರಾದ ಟೋಕನ್ ಲೂನಾ 10 ಕೋಟಿ ಡಾಲರಿಂದು ಆ ಕಡೆ, ಅಷ್ಟೇ ಬೆಲೆಯ ಅವಲಾಂಚ್ ಟೋಕನ್ ಅವಾಕ್ಸ್ ಈ ಕಡೆ, ಸಾಲದ್ದಕ್ಕೆ ಟೆರಾದ್ದೇ ಇನ್ನೊಂದು ಟೋಕನ್ ಯುಎಸ್‌ಟಿ ಕೊಟ್ಟು ಇನ್ನೊಂದ್ 10 ಕೋಟಿದು. ಒಂದ್ ಯುಎಸ್‌ಟಿ ಅಂದ್ರೆ ಒಂದ್ ಡಾಲರ್ ಅಲ್ಲಾಡದ ಹಾಗೆ ಇರ್ಲಿ ಅಂತ ಈ ಎರಡನೇದು ಮೀಸಲು ನಿಧಿಗಂತೆ. ಮೇ ತಿಂಗಳಿಗೆ ಯುಎಸ್‌ಟಿನೂ ಮಲಗ್ತು, ಲೂನಾ ಕೂಡ ಪೈಸೆಗೆ ಬಂತು. ನಮ್ಮ ಗಿಳಿ ಇನ್ನೂ ಡಬ್ಬದಲ್ಲಿದೆ.

ಆದ್ರೂ ಪಾರ್ಟ್ನರ್‌ಶಿಪ್ಪು ಅಂದ್ರೆ ನಮ್ಮ ದೇಶದ ಕ್ರಿಪ್ಟೋ ಎಕ್ಸ್‌ಚೇಂಜ್ ವಜೀರ್‌ಎಕ್ಸ್, ವಿದೇಶದ ದೊಡ್ಡ ಎಕ್ಸ್‌ಚೇಂಜ್ ಬೈನಾನ್ಸ್, ಇವರದ್ದೇ ಬಿಡಿ. 2019ರ ನವೆಂಬರಲ್ಲಿ ವಜೀರ್‌ಎಕ್ಸನ್ನ ಬೈನಾನ್ಸ್ ಕೊಂಡ್ಕೊಳ್ತು ಅಂತ ಡಂಗುರ ಹೊಡೆದಿದ್ದೇ ಹೊಡೆದಿದ್ದು, ಜನನೂ ದೊಡ್ಡೋರ ಕಂಪನಿ ಅಂತ ನಂಬಿ ದುಡ್ಡು ಹಾಕಿದ್ರು. 2022ರ ಆಗಸ್ಟಲ್ಲಿ ಇ.ಡಿ. ಬಂದು ವಜೀರ್‌ಎಕ್ಸಿನ 64.67 ಕೋಟಿ ರೂಪಾಯಿ ಫ್ರೀಜ್ ಮಾಡಿದ್ದೇ ತಡ, ಬೈನಾನ್ಸಿನ ಆಗಿನ ಮುಖ್ಯಸ್ಥ ಸಿಝಡ್ (ಚಾಂಗ್‌ಪೆಂಗ್ ಝಾವೊ) ಟ್ವಿಟರಲ್ಲಿ ಆ ಡೀಲು ಮುಗಿದೇ ಇಲ್ಲ ಅಂದ್ರು, ವಜೀರ್‌ಎಕ್ಸ್ ಸ್ಥಾಪಕ ನಿಶ್ಚಲ್ ಶೆಟ್ಟಿ ಇಲ್ಲ ಬೈನಾನ್ಸೇ ಕೊಂಡಿದ್ದು ಅಂದ್ರು. ಹೆಚ್ಚೂಕಮ್ಮಿ ಮೂರು ವರ್ಷ ಆದ್ಮೇಲೆ! ಅಲ್ಲ ಸ್ವಾಮಿ, ನಮ್ಮಲ್ಲಿ ರೆವಿನ್ಯೂ ಸೈಟ್ ತಗೊಳೋನೂ ಇ.ಸಿ. ತೆಗೆಸಿ ಖಾತೆ ಯಾರ ಹೆಸರಲ್ಲಿದೆ ಅಂತ ನೋಡ್ತಾನೆ. ಇಲ್ಲಿ ಹಾಲು ಕರೆಯೋವಾಗ ಹಸು ಇಬ್ರದ್ದೂ, ಪಶುವೈದ್ಯರು ಬಂದ್ರೆ ಯಾರ್ದೂ ಅಲ್ಲ.

ಅಷ್ಟಕ್ಕೇ ಬುದ್ಧಿ ಬರ್ಬೇಕಿತ್ತು. ಆಮೇಲೆ ವಜೀರ್‌ಎಕ್ಸಿಗೆ ಇನ್ನೊಬ್ಬ ಪಾರ್ಟ್ನರು, ಕ್ರಿಪ್ಟೋ ಕಾಯೋ ಕಂಪನಿ ಲಿಮಿನಲ್. ಜನರ ಕಾಯಿನ್ ಇಟ್ಟ ವ್ಯಾಲೆಟ್ಟಿಗೆ ಆರು ಸಹಿ, ಐದು ವಜೀರ್‌ಎಕ್ಸಿಂದು, ಒಂದು ಲಿಮಿನಲ್‌ದು, ಭದ್ರವೋ ಭದ್ರ. 2024ರ ಜುಲೈ 18ಕ್ಕೆ 23 ಕೋಟಿ ಡಾಲರ್ ಮಾಯ. ಕದ್ದಿದ್ದು ಉತ್ತರ ಕೊರಿಯಾದವರು ಅಂತ ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ ಮೂರು ಸರ್ಕಾರ ಸೇರಿ ಹೇಳಿದ್ವು. ಬಾಗಿಲು ತೆಗೆದಿಟ್ಟಿದ್ದು ಯಾರು ಅನ್ನೋದಕ್ಕೆ ಮಾತ್ರ ಇವರು ಅವರ ಕಡೆ ಬೆರಳು, ಅವರು ಇವರ ಕಡೆ.

ಕಳುವಾಗಿ ಒಂಬತ್ತನೇ ದಿನಕ್ಕೆ ವಜೀರ್‌ಎಕ್ಸಿಂದ ಬಂತು ನೋಡಿ ಐಡಿಯಾ. ಎಲ್ಲರದ್ದೂ ನೂರಕ್ಕೆ 55 ಭಾಗ ಬಳಸೋಕೆ, 45 ಭಾಗ ಬೀಗ. ನಷ್ಟ ಎಲ್ಲರೂ ಹಂಚ್ಕೊಳ್ಳೋಣ ಅಂತ. ಕಳುವೇ ಆಗದ ಕಾಯಿನ್ ಇಟ್ಟಿದ್ದೋನಿಗೂ ಅದೇ ಲೆಕ್ಕ, ಮೇಲೊಂದು ಪೋಲು, ವೋಟ್ ಹಾಕಿ ಅಂತ. ಜನ ಉಗಿದ್ಮೇಲೆ ಕೈಬಿಟ್ರು. ಡೀಲ್ ಮಾಡೋವಾಗ ಒಂದು ಮಾತು ಕೇಳಿದ್ರಾ ನಮ್ಮನ್ನ? ಟ್ರೇಡಿಂಗ್ ಫೀಸಲ್ಲಿ ಬಂದಿದ್ದನ್ನ ಹಂಚ್ಕೊಳ್ಳೋಣ ಬನ್ನಿ ಅಂತ ಒಂದೇ ಒಂದು ಪೋಲ್ ಹಾಕಿದ್ರಾ? ಆಗ ಪಾರ್ಟ್ನರು ಬೇರೆಯವರು. ಟ್ರೇಡಿಂಗ್ ಮತ್ತೆ ಶುರುವಾಗೋಕೆ 2025ರ ಅಕ್ಟೋಬರ್ 24 ಬರ್ಬೇಕಾಯ್ತು. ಹದಿನೈದು ತಿಂಗಳು ಜನ ತಮ್ಮ ಕಾಯಿನ್ನನ್ನ ಸ್ಕ್ರೀನಲ್ಲಿ ನೋಡ್ತಾ ಕೂತಿದ್ರು.